ಹೊಟ್ಟೆ ಸೀಳಿದ ‘ಧ’ ಮತ್ತು ಜೆರಾಕ್ಸ್ ಹಿಂದಿನ ಅಂಗಡಿ

ಈ ಅಂಗಡಿಗೆ ಬೋರ್ಡಿಲ್ಲ. ಮೈಸೂರಿನ ಸರಸ್ವತಿಪುರಂನ ಒಂದು ಅಡ್ಡರಸ್ತೆಯಲ್ಲಿ ಮುಂದೆ ಜೆರಾಕ್ಸ್ ಅಂಗಡಿ ಇದೆ. ಅದರ ಪಕ್ಕದ ಸಂದಿಯಲ್ಲಿ ಸೈಕಲ್ಲೊಂದನ್ನು ಸರಿಸಿಕೊಂಡು ಹೋದರೆ ಹಿಂದೆ ಒಂದು ಕೋಣೆ ಸಿಗುತ್ತದೆ. ಕಂಪ್ಯೂಟರ್ ರಿಪೇರಿ ಅಲ್ಲಿ. ಸುತ್ತಮುತ್ತಲವರು ಅದನ್ನು ಜೆರಾಕ್ಸ್ ಹಿಂದಿನ ಅಂಗಡಿ ಎನ್ನುತ್ತಾರೆ. ರಸೀದಿ ಕೇಳಿದರೆ ಜೆರಾಕ್ಸ್‌ನವರ ಪುಸ್ತಕದಲ್ಲಿಯೇ ಹರಿದು ಕೊಡುತ್ತಾರೆ. ಇಂಥ ಕಡೆಗೆ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗಬೇಕಾಗಿ ಬಂದದ್ದು ಒಂದು ದನದ ದೆಸೆಯಿಂದ.

ನಾನು ಕರಡು ತಿದ್ದುವವನು. 1981ರಲ್ಲಿ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುವ ಕೆಲಸಕ್ಕೆ ಪ್ರೆಸ್ ಸೇರಿದೆ. ಸೀಸದ ಮೊಳೆಗಳೆಲ್ಲ ತೂಕಕ್ಕೆ ಹೋದ ಮೇಲೆ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕಲಿತೆ. ಈಗ ಮನೆಯಲ್ಲಿ ಕುಳಿತು ಪುಸ್ತಕ, ಸ್ಮರಣ ಸಂಚಿಕೆ, ಸಂಘಗಳ ವರದಿ ಇಂಥವುಗಳ ಕರಡು ನೋಡಿಕೊಡುತ್ತೇನೆ. ಕಳೆದ ವರ್ಷ ಒಂದು ಹಾಲು ಉತ್ಪಾದಕರ ಸಹಕಾರ ಸಂಘದ ವಾರ್ಷಿಕ ವರದಿ ನನ್ನ ಕೈ ದಾಟಿ ಹೋಯಿತು. ಅಚ್ಚಿಗೆ ಹೋಗುವ ಮುನ್ನಾದಿನ ಕಾರ್ಯದರ್ಶಿಗಳು ಫೋನ್ ಮಾಡಿದರು: “ಸರ್, ನಾವು ಸದಸ್ಯರಿಗೆ ಕೊಟ್ಟದ್ದು ಸಹಾಯಧನ. ನೀವು ದನವನ್ನೇ ಕೊಡಿಸಿಬಿಟ್ಟಿದ್ದೀರಿ.” ಮೂರು ಕಡೆ ‘ಸಹಾಯದನ’ ಎಂದಿತ್ತು. ಹಾಲಿನ ಸಂಘವಾದ್ದರಿಂದ ಓದಿದವರು ನಂಬಿಯೂ ಬಿಡುತ್ತಿದ್ದರು. ಅವರು ನಕ್ಕರು, ನನಗೆ ನಗು ಬರಲಿಲ್ಲ. ಒಂದನೇ ತರಗತಿಯಲ್ಲಿ ಮೇಷ್ಟ್ರು ‘ಹೊಟ್ಟೆ ಸೀಳೋ’ ಎಂದು ಬೆರಳಿನ ಗಿಣ್ಣಿಗೆ ಹೊಡೆದು ಕಲಿಸಿದ ಅಕ್ಷರ ಅದು. ನಲವತ್ತು ವರ್ಷಗಳ ವೃತ್ತಿಯಲ್ಲಿ ನನ್ನ ಕಣ್ಣು ತಪ್ಪಿಸಿಕೊಂಡು ಮೂರು ಬಾರಿ ಹೊಟ್ಟೆ ಹೊಲಿದುಕೊಂಡು ಹೋಗಿತ್ತು.

ಕಣ್ಣಿನದೇ ತಪ್ಪು ಎಂದುಕೊಂಡೆ. ನನಗೆ ಚಾಳೀಸು ಬಂದು ಇಪ್ಪತ್ತು ವರ್ಷ ದಾಟಿದೆ. ಕಣ್ಣಿನ ವೈದ್ಯರು ಹನಿ ಹಾಕಿ, ಪಟ್ಟಿ ಓದಿಸಿ, ನಂಬರ್ ಹೋದ ವರ್ಷ ಇದ್ದಷ್ಟೇ ಇದೆ ಎಂದರು. ಹಾಗಾದರೆ ಕಾಗದದ ಮೇಲೆ ಕಾಣುವ ‘ಧ’ ಪರದೆಯ ಮೇಲೆ ಏಕೆ ಕಾಣುವುದಿಲ್ಲ ಎಂದು ಕೇಳಿದೆ. “ಪರದೆಯನ್ನು ತೋರಿಸಬೇಕಾದವರಿಗೆ ತೋರಿಸಿ” ಎಂದರು. ಆ ಮಾತಿಗೆ ಅವರ ಶುಲ್ಕ ಕೊಟ್ಟದ್ದು ಸಾರ್ಥಕ.

ಇದರ ಹಿಂದಿನ ಕಥೆಯನ್ನೂ ಹೇಳಬೇಕು. ನನ್ನದು 15.6 ಇಂಚಿನ ಲ್ಯಾಪ್‌ಟಾಪ್. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳ ಪರದೆ. ದೀಪಾವಳಿಗೆ ಬಂದಿದ್ದ ಮಗಳು ತನ್ನ ಕಚೇರಿಯ ದೊಡ್ಡ ಎಕ್ಸೆಲ್ ಕೋಷ್ಟಕ ಒಂದೇ ನೋಟಕ್ಕೆ ಕಾಣಲಿ ಎಂದು ಏನನ್ನೋ ಒತ್ತಿ ಹೋಗಿದ್ದಳು. ಅವಳು ಬಸ್ ಹತ್ತಿದ ಮೇಲೆ ನೋಡಿದರೆ ಅಕ್ಷರಗಳೆಲ್ಲ ಸಾಸಿವೆ ಕಾಳಾಗಿದ್ದವು. ನಾನು ಅದನ್ನು ಮುಖ್ಯರಸ್ತೆಯ ಒಂದು ದೊಡ್ಡ ಅಂಗಡಿಗೆ ಒಯ್ದೆ. ಗಾಜಿನ ಬಾಗಿಲು, ಟೋಕನ್, ಕುಡಿಯಲು ನೀರು ಎಲ್ಲ ಇತ್ತು. ಅಲ್ಲಿನವರು ಎರಡೇ ನಿಮಿಷದಲ್ಲಿ ರೆಸಲ್ಯೂಷನ್, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕ, ಅದನ್ನು 1366×768ಕ್ಕೆ ಇಳಿಸಿ, 350 ರೂಪಾಯಿ ತೆಗೆದುಕೊಂಡರು. ಅಕ್ಷರ ದೊಡ್ಡದಾಯಿತು, ಸುಳ್ಳಲ್ಲ. ಆದರೆ ಎಲ್ಲದರ ಮೇಲೂ ಗಂಜಿಯ ನೀರು ಚೆಲ್ಲಿದಂತೆ ಒಂದು ಪೊರೆ ಇತ್ತು. ಮಸುಕು ಎಂದು ಹೇಳಿದ್ದಕ್ಕೆ “ಕನ್ನಡಕ ಬದಲಾಯಿಸಿ ನೋಡಿ ಸರ್” ಎಂದರು. ನಾಲ್ಕು ತಿಂಗಳು ಆ ಪೊರೆಯ ಹಿಂದಿನಿಂದಲೇ ಕರಡು ತಿದ್ದಿದೆ. ದನ ನುಗ್ಗಿದ್ದು ಆ ಬೇಲಿಯಲ್ಲಿಯೇ.

ಜೆರಾಕ್ಸ್ ಹಿಂದಿನ ಅಂಗಡಿಯಲ್ಲಿ ಒಂದೂವರೆ ಗಂಟೆ ಕಾಯಬೇಕಾಯಿತು. ಬೆನ್ನಾನಿಕೆಯಿಲ್ಲದ ಸ್ಟೂಲು, ಬೆಸುಗೆಯ ಹೊಗೆ, ಗೋಡೆಗೆ ಒರಗಿಸಿದ ಹೆಣಗಳಂತೆ ಹಳೆಯ ಕ್ಯಾಬಿನೆಟ್ಟುಗಳು. ಅಂಗಡಿ ನಡೆಸುವವನು ಇಪ್ಪತ್ತೈದು ಇಪ್ಪತ್ತಾರರ ಹುಡುಗ, ಮಾತು ಬಹಳ ವೇಗ. ನನ್ನ ಸರದಿ ಬಂದಾಗ ಅವನು ಯಂತ್ರವನ್ನು ಮುಟ್ಟುವ ಮೊದಲು ಕೇಳಿದ ಪ್ರಶ್ನೆ ನನಗೆ ಹಿಡಿಸಿತು: “ಸರ್, ಅಕ್ಷರ ಚಿಕ್ಕದೋ, ಮಸುಕೋ? ಎರಡೂ ಬೇರೆ ಕಾಯಿಲೆ.” ಮೊದಲು ಚಿಕ್ಕದಿತ್ತು, ಈಗ ಮಸುಕಾಗಿದೆ ಎಂದೆ. ಅವನು ಡಿಸ್‌ಪ್ಲೇ ಸೆಟ್ಟಿಂಗ್ಸ್ ತೆರೆದು ಒಮ್ಮೆ ನೋಡಿ ತಲೆಯಾಡಿಸಿದ.

ಅವನು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಎಲ್‌ಸಿಡಿ ಪರದೆ ಎಂದರೆ ಎಣಿಸಿ ಕೂರಿಸಿದ ಚುಕ್ಕೆಗಳ ಚೌಕಟ್ಟು. 1920 ಎಂದರೆ 1920, ಒಂದೂ ಹೆಚ್ಚಿಲ್ಲ, ಕಡಿಮೆಯೂ ಇಲ್ಲ. 1366 ಚುಕ್ಕೆಗಳ ಚಿತ್ರವನ್ನು ಕೊಟ್ಟರೆ ಅದನ್ನು ಹಿಗ್ಗಿಸಿ 1920ರ ಮೇಲೆ ಹರಡಬೇಕು. ಒಂದು ಚುಕ್ಕೆಗೆ 1.4 ಚುಕ್ಕೆಯ ಜಾಗ. ಪರದೆಯಲ್ಲಿ ಅರ್ಧ ಚುಕ್ಕೆ, ಮುಕ್ಕಾಲು ಚುಕ್ಕೆ ಎಂಬುದಿಲ್ಲ. ಆದ್ದರಿಂದ ಕಪ್ಪನ್ನು ಅಕ್ಕಪಕ್ಕದವಕ್ಕೆ ಸ್ವಲ್ಪ ಸ್ವಲ್ಪ ಹಂಚಿ ಬೂದುಬಣ್ಣ ಮಾಡಬೇಕಾಗುತ್ತದೆ. ‘ಧ’ದ ಹೊಟ್ಟೆಯ ಸೀಳು ಸಣ್ಣ ಅಕ್ಷರದಲ್ಲಿ ಒಂದು ಚುಕ್ಕೆಯ ಅಗಲ. ಅದು ಬೂದಾದರೆ ಮುಗಿಯಿತು, ‘ದ’ವೇ. ‘ಢ’ಕ್ಕೂ ‘ಭ’ಕ್ಕೂ ಅದೇ ಗತಿ. ಒತ್ತಕ್ಷರಗಳ ಪಾಡು ಇನ್ನೂ ಹೀನ: ಅವು ಮೊದಲೇ ಕೆಳಗೆ ಕುಗ್ಗಿ ಕುಳಿತಿರುತ್ತವೆ.

ಇಷ್ಟು ಹೇಳುವಾಗ ಮುಂದಿನ ಅಂಗಡಿಯಲ್ಲಿ ಯಾರೋ ಎ4 ಹಾಳೆಯನ್ನು ಎ3ಗೆ ದೊಡ್ಡದು ಮಾಡಿಸುತ್ತಿದ್ದರು. ಯಂತ್ರದ ಪುಟ್ಟ ಪರದೆಯಲ್ಲಿ 141 ಎಂದು ಕಾಣುತ್ತಿತ್ತು. 1920ನ್ನು 1366ರಿಂದ ಭಾಗಿಸಿದರೆ ಎಷ್ಟು ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ: 1.405. ಹೆಚ್ಚುಕಡಿಮೆ ಅದೇ ಹಿಗ್ಗು! ಅಂದರೆ ಆ ದೊಡ್ಡ ಅಂಗಡಿಯವರು ನನಗೆ ದೊಡ್ಡ ಮೊಳೆ ಕೊಟ್ಟಿರಲಿಲ್ಲ. ಸಣ್ಣ ಮೊಳೆಯಲ್ಲಿ ಅಚ್ಚು ಮಾಡಿದ್ದನ್ನು ಎ4ನಿಂದ ಎ3ಗೆ ಜೆರಾಕ್ಸ್ ಹಿಗ್ಗಿಸಿ ಕೊಟ್ಟಿದ್ದರು. ಪ್ರೆಸ್ಸಿನಲ್ಲಿ ದೊಡ್ಡ ಅಕ್ಷರ ಬೇಕೆಂದರೆ 8 ಪಾಯಿಂಟ್ ಅಳತೆಯ ಮೊಳೆಗಳ ಕೇಸು ಮುಚ್ಚಿ 12 ಪಾಯಿಂಟಿನ ಕೇಸು ಎಳೆಯುತ್ತಿದ್ದೆವು. ಇದ್ದ ಮೊಳೆಯನ್ನು ಬಡಿದು ಅಗಲ ಮಾಡುತ್ತಿರಲಿಲ್ಲ.

ಅವರನ್ನು ಪೂರ್ತಿ ಬೈಯಲೂ ಮನಸ್ಸಿಲ್ಲ. ತೊಂಬತ್ತರ ದಶಕದಲ್ಲಿ 14 ಇಂಚಿನ ಗಾಜಿನ ಬುರುಡೆಯ ಮಾನಿಟರ್ ಮುಂದೆ ಕುಳಿತಿದ್ದಾಗ ನಾನೂ ಅದನ್ನೇ ಮಾಡುತ್ತಿದ್ದೆ. ಅಕ್ಷರ ಚಿಕ್ಕದೆನಿಸಿದರೆ 800×600ರಿಂದ 640×480ಕ್ಕೆ ಇಳಿಸುವುದು, ಅಷ್ಟೆ. ಆಗ ಅದು ನಡೆಯುತ್ತಿತ್ತು. ಆ ಪರದೆಗಳಲ್ಲಿ ಚಿತ್ರವನ್ನು ಎಲೆಕ್ಟ್ರಾನ್ ಕಿರಣ ಬರೆಯುತ್ತಿತ್ತು, ಇಷ್ಟೇ ಚುಕ್ಕೆ ಎಂಬ ಕಟ್ಟುಪಾಡು ಎಲ್‌ಸಿಡಿಯಷ್ಟು ಗಟ್ಟಿಯಾಗಿರಲಿಲ್ಲ. ಗುರುವಿನ ಕೈಚಳಕ ಶಿಷ್ಯನಿಗೆ ಇಳಿದು ಬಂದಿದೆ, ಪರದೆ ಬದಲಾದದ್ದು ಮಾತ್ರ ಇಬ್ಬರಿಗೂ ತಿಳಿದಿಲ್ಲ.

ಹುಡುಗ ರೆಸಲ್ಯೂಷನ್ ಅನ್ನು 1920×1080ಕ್ಕೆ ಏರಿಸಿದ. ವಿಂಡೋಸ್ ಆ ಸಂಖ್ಯೆಯ ಪಕ್ಕದಲ್ಲಿಯೇ ‘ರೆಕಮೆಂಡೆಡ್’ ಎಂದು ಬರೆದಿರುತ್ತದೆ, ನಾನು ಓದಿರಲಿಲ್ಲ. ಪೊರೆ ಹರಿದು ಹೋಯಿತು, ಆದರೆ ಸಾಸಿವೆ ಕಾಳು ವಾಪಸ್ ಬಂತು. ಅದರ ಮೇಲಿನ ಸಾಲಿನಲ್ಲಿಯೇ ‘ಸ್ಕೇಲ್’ ಎಂಬುದಿದೆ. ಮಗಳು ಶೇ 100 ಮಾಡಿ ಹೋದದ್ದು ಅದನ್ನು. ಇದು ನಿಜವಾದ ದೊಡ್ಡ ಮೊಳೆ: ಚುಕ್ಕೆಗಳು ಇದ್ದಷ್ಟೇ ಇರುತ್ತವೆ, ಒಂದೊಂದು ಅಕ್ಷರವನ್ನು ಬರೆಯಲು ಹೆಚ್ಚು ಚುಕ್ಕೆ ಬಳಸಲಾಗುತ್ತದೆ. ಆದ್ದರಿಂದ ದೊಡ್ಡದಾದಷ್ಟೂ ಅಕ್ಷರ ಚೊಕ್ಕವಾಗುತ್ತದೆ.

ಶೇ 125 ಸಾಕೋ 150 ಬೇಕೋ ಎಂದು ಅವನು ನನ್ನನ್ನೇ ಕೇಳಿದ. ಅದನ್ನು ತೀರ್ಮಾನಿಸಿದ ರೀತಿಗಾಗಿಯೇ ಈ ಅಂಗಡಿಗೆ ಪೂರ್ಣ ಅಂಕ ಕೊಡಬಹುದು. ವರ್ಡ್ ತೆರೆದು, ಖಾಲಿ ಎ4 ಪುಟವನ್ನು ಶೇ 100 ಜೂಮಿನಲ್ಲಿ ಇಟ್ಟು, ಮುಂದಿನಿಂದ ಒಂದು ಎ4 ಹಾಳೆ ತಂದು ಪರದೆಗೆ ಹಿಡಿದ. ಸ್ಕೇಲ್ ಶೇ 100ರಲ್ಲಿದ್ದಾಗ ಪರದೆಯ ಎ4 ಪುಟದ ಅಗಲ 14.3 ಸೆಂಟಿಮೀಟರ್. ಎ5 ಹಾಳೆಗಿಂತ ಅರ್ಧ ಸೆಂಟಿಮೀಟರ್ ಕಿರಿದು! ಶೇ 150ಕ್ಕೆ ಏರಿಸಿದಾಗ 21.4. ನಿಜವಾದ ಹಾಳೆ 21. ಅಂಚಿಗೆ ಅಂಚು ಹೆಚ್ಚುಕಡಿಮೆ ಕೂಡಿಕೊಂಡಿತು.

ಮನೆಗೆ ಬಂದು ನನ್ನ ಲೆಕ್ಕವನ್ನು ನಾನು ಹಾಕಿದೆ. ಬ್ರೌಸರುಗಳಲ್ಲಿ ಯಾರೂ ಏನೂ ಹೇಳದಿದ್ದಾಗ ಅಕ್ಷರದ ಅಳತೆ 16 ಪಿಕ್ಸೆಲ್. ಬ್ರೌಸರುಗಳ ಲೆಕ್ಕದಲ್ಲಿ ಇಂಚಿಗೆ 96 ಪಿಕ್ಸೆಲ್, ನಮ್ಮ ಲೆಕ್ಕದಲ್ಲಿ ಇಂಚಿಗೆ 72 ಪಾಯಿಂಟ್, ಹಾಗಾಗಿ ಅದು 12 ಪಾಯಿಂಟ್. ನನ್ನ ಲ್ಯಾಪ್‌ಟಾಪಿನ ಪರದೆಯಲ್ಲಾದರೋ ಇಂಚಿಗೆ 141 ಚುಕ್ಕೆಗಳಿವೆ. ಶೇ 100ರ ಸ್ಕೇಲಿನಲ್ಲಿ ಆ 12 ಪಾಯಿಂಟ್ ಕುಗ್ಗಿ 8 ಪಾಯಿಂಟ್ ಆಗಿರುತ್ತದೆ. 125ರಲ್ಲಿ 10, 150ರಲ್ಲಿ 12ಕ್ಕೆ ಚೂರು ಮೇಲೆ. 8 ಪಾಯಿಂಟನ್ನು ನಾವು ಅಡಿಟಿಪ್ಪಣಿಗೂ ಔಷಧದ ಚೀಟಿಗೂ ಬಳಸುತ್ತಿದ್ದೆವು. ದಿನವಿಡೀ ಅಡಿಟಿಪ್ಪಣಿ ಓದಿದವನಿಗೆ ತಲೆನೋವು ಬರದೆ ಏನಾಗುತ್ತದೆ? ಅದರಲ್ಲಿಯೂ ಎಷ್ಟೋ ಜಾಲತಾಣಗಳು 16ರ ಬದಲು 13, 14 ಪಿಕ್ಸೆಲ್ ಇಟ್ಟುಕೊಂಡಿರುತ್ತವೆ. ಇಂಗ್ಲಿಷಿಗೆ ಸಾಲುವ ಅಳತೆಯನ್ನೇ ಕನ್ನಡಕ್ಕೂ ತೊಡಿಸುತ್ತಾರೆ. ಮೇಲೆ ತಲಕಟ್ಟು, ಗುಡಿಸು, ಕೆಳಗೆ ಒತ್ತು ಎಲ್ಲವನ್ನೂ ಅಷ್ಟೇ ಎತ್ತರದೊಳಗೆ ತುರುಕಬೇಕಾದ ಲಿಪಿ ನಮ್ಮದು ಎಂಬ ಕನಿಕರವಿಲ್ಲ.

ಆ ಜಾಲತಾಣಗಳಿಗೆ ಮದ್ದು ಬೇರೆ ಎಂದ ಹುಡುಗ. ಪರದೆ, ಸ್ಕೇಲ್ ಎರಡೂ ಸರಿಯಿದ್ದು ಒಂದು ಪುಟ ಮಾತ್ರ ಚಿಕ್ಕದಾಗಿದ್ದರೆ ಬ್ರೌಸರಿನಲ್ಲಿ ಸರಿಪಡಿಸಬೇಕೇ ಹೊರತು ಮತ್ತೆ ಸ್ಕೇಲ್‌ಗೆ ಕೈ ಹಾಕಬಾರದು. ಕಂಟ್ರೋಲ್ ಕೀಲಿ ಹಿಡಿದು ಕೂಡಿಸುವ ಚಿಹ್ನೆ ಒತ್ತುವುದು ನನಗೂ ಗೊತ್ತಿತ್ತು. ಬ್ರೌಸರ್ ಅದನ್ನು ಒಂದೊಂದು ತಾಣಕ್ಕೂ ಪ್ರತ್ಯೇಕವಾಗಿ ನೆನಪಿಟ್ಟುಕೊಳ್ಳುತ್ತದೆ ಎಂಬುದು ಗೊತ್ತಿರಲಿಲ್ಲ. ಪತ್ರಿಕೆಯೊಂದರ ತಾಣ ಮಾತ್ರ ಏಕೆ ಆನೆಗಾತ್ರ ಎಂದು ವರ್ಷದಿಂದ ಯೋಚಿಸುತ್ತಿದ್ದೆ. ನಾನೇ ಎಂದೋ ಅದನ್ನು ಶೇ 200 ಮಾಡಿ ಮರೆತಿದ್ದೆ. ಕಂಟ್ರೋಲ್ ಮತ್ತು ಸೊನ್ನೆ ಒತ್ತಿದರೆ ಮೊದಲಿನಂತಾಗುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಅವನು ಮಾಡಿದ ಇನ್ನೊಂದು ಕೆಲಸ ಕನ್ನಡ ಓದುವವರೆಲ್ಲರಿಗೂ ಉಪಯೋಗವಾದೀತು. ಅದರ ಫಾಂಟ್ ಸೆಟ್ಟಿಂಗ್ಸ್‌ನ ಒಳಗೆ ಹೋದರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಎಂದೇ ಬೇರೆ ಆಯ್ಕೆ ಇದೆ. ಯಾವ ಫಾಂಟ್, ಎಷ್ಟು ಅಳತೆ, ಎಷ್ಟಕ್ಕಿಂತ ಚಿಕ್ಕದಾಗಿ ತೋರಿಸಲೇಬಾರದು ಎಂದು ಕನ್ನಡಕ್ಕೆ ಮಾತ್ರ ಹೇಳಬಹುದು. ನೋಟೊ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿ, ಕನಿಷ್ಠ ಅಳತೆ 16 ಎಂದು ಕಟ್ಟು ಹಾಕಿದ. ಅದೇ ಕಟ್ಟನ್ನು ಲ್ಯಾಟಿನ್ ಮತ್ತು ಇತರ ಲಿಪಿಗಳ ವಿಭಾಗಕ್ಕೂ ಹಾಕಿದ. ಏಕೆ ಎಂದರೆ, ತಾವು ಕನ್ನಡದಲ್ಲಿದ್ದೇವೆ ಎಂದು ಬ್ರೌಸರಿಗೆ ಹೇಳಿಕೊಳ್ಳದ ಕನ್ನಡ ಪುಟಗಳು ಬಹಳ ಇವೆಯಂತೆ. ಹೊಟ್ಟೆಯೊಳಗೆಲ್ಲ ಕನ್ನಡ, ಹಣೆಪಟ್ಟಿ ಮಾತ್ರ ಇಂಗ್ಲಿಷ್.

ಎಲ್ಲವೂ ಸುಸೂತ್ರವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಶೇ 150ರ ಸ್ಕೇಲಿನಲ್ಲಿ ಪರದೆಯ ಮೇಲೆ ಉಳಿಯುವ ಜಾಗ 1280×720ಕ್ಕೆ ಸಮ. ನಾನು ಬಳಸುವ ಒಂದು ಸರ್ಕಾರಿ ತಾಣದಲ್ಲಿ ಅರ್ಜಿಯ ಕೊನೆಯ ಗುಂಡಿ ಪರದೆಯ ಕೆಳಗೆ ಮುಳುಗಿಹೋಗುತ್ತದೆ, ಅಲ್ಲಿ ಮಾತ್ರ ಕಂಟ್ರೋಲ್ ಮತ್ತು ಕಳೆಯುವ ಚಿಹ್ನೆ ಒತ್ತಿ ಕುಗ್ಗಿಸಿಕೊಳ್ಳುತ್ತೇನೆ. ಅದೇ ತಾಣದ ತಲೆಯಲ್ಲಿ ದೊಡ್ಡ ಎ, ಸಣ್ಣ ಎ ಎಂಬ ಗುಂಡಿಗಳೂ ಇವೆ. ಒತ್ತಿದರೆ ಶೀರ್ಷಿಕೆಗಳು ಉಬ್ಬುತ್ತವೆ, ಓದಬೇಕಾದ ಕೋಷ್ಟಕ ಇದ್ದಲ್ಲೇ ಇರುತ್ತದೆ. ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಪುಟದಲ್ಲಿ ಏನೂ ಕಳೆದುಹೋಗಬಾರದು ಎಂದು ಜಾಲತಾಣಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ 2008ರಲ್ಲಿಯೇ ಬರೆದಿದ್ದಾರೆ. ಬರೆದವರ ಕರಡು ಚೊಕ್ಕವಾಗಿದೆ, ಜೋಡಿಸುವವರು ನೋಡಬೇಕಷ್ಟೆ.

ನಿಜವಾದ ತೊಡಕು ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ಹಳೆಯ ತಂತ್ರಾಂಶದ್ದು. ನಗಬೇಡಿ, ಕನ್ನಡದ ಎಷ್ಟೋ ಪುಸ್ತಕಗಳ ಪುಟಗಳು ಇಂದಿಗೂ ನನ್ನ ಬಳಿಗೆ ಆ ಕಡತಗಳಲ್ಲಿಯೇ ಬರುತ್ತವೆ. ಅದರ ಏಳನೇ ಆವೃತ್ತಿ 2001ರದು. ಹೀಗೆ ಸ್ಕೇಲ್ ಏರಿಸುವ ಕಾಲ ಬರುತ್ತದೆ ಎಂದು ಅದಕ್ಕೆ ಗೊತ್ತಿರಲಿಲ್ಲ, ಅದು ಅದರ ತಪ್ಪಲ್ಲ. ಇಂಥ ಹಳೆಯ ತಂತ್ರಾಂಶ ತನ್ನ ಚಿತ್ರವನ್ನು ಹಳೆಯ ಅಳತೆಯಲ್ಲಿಯೇ ಬರೆಯುತ್ತದೆ, ವಿಂಡೋಸ್ ಅದನ್ನು ಹಿಗ್ಗಿಸಿ ತೋರಿಸುತ್ತದೆ. ಅಂದರೆ ಮತ್ತೆ ಜೆರಾಕ್ಸ್, ಮತ್ತೆ ಮಸುಕು. ಹುಡುಗ ಅದರ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಹಿಗ್ಗಿಸುವುದನ್ನು ತಪ್ಪಿಸಿದ. ಈಗ ಅಕ್ಷರ ಚೂರಿಯಂತೆ ಚೊಕ್ಕ, ಆದರೆ ಮೆನುಗಳು, ಉಪಕರಣಗಳ ಪಟ್ಟಿ ಇರುವೆ ಸಾಲು. ಪುಟವನ್ನು ಒಳಗಿನ ಜೂಮಿನಿಂದ ಹಿಗ್ಗಿಸಿಕೊಳ್ಳಬಹುದು, ಮೆನುಗಳನ್ನು ಆಗುವುದಿಲ್ಲ.

“ಈ ಲ್ಯಾಪ್‌ಟಾಪಿನಲ್ಲಿ ಎರಡೂ ಒಟ್ಟಿಗೆ ಸಿಗುವುದಿಲ್ಲ ಸರ್,” ಎಂದ. ಆಗುತ್ತದೆ ಎಂದು ಹೇಳಿ ಏನಾದರೂ ಮಾರಬಹುದಿತ್ತು. ನಾನೇ ಬಾಯಿ ಬಿಟ್ಟು, 27 ಇಂಚಿನ 4ಕೆ ಮಾನಿಟರ್ ಕೊಂಡರೆ ಹೇಗಪ್ಪ ಎಂದೆ. ಅದರಲ್ಲಿ ಇಂಚಿಗೆ 163 ಚುಕ್ಕೆ, ಲ್ಯಾಪ್‌ಟಾಪಿಗಿಂತ ಒತ್ತೊತ್ತು. ಪೇಜ್‌ಮೇಕರ್ ಮೆನು ಇನ್ನೂ ಚಿಕ್ಕದಾಗುತ್ತದೆ, ಬೇಡ ಎಂದ. 24 ಇಂಚಿನ 1920×1080 ಆದರೆ ಇಂಚಿಗೆ 92, ಅಲ್ಲಿ ಸ್ಕೇಲ್ ಶೇ 100ರಲ್ಲಿಯೇ ಎಲ್ಲ ಸರಿಯಾದ ಅಳತೆಗೆ ಬರುತ್ತದೆ. ಆಮೇಲೆ ಸ್ವಲ್ಪ ತಡೆದು, “ಮನೆಯಲ್ಲಿ ಹಳೆಯ ಮಾನಿಟರ್ ಏನಾದರೂ ಇದೆಯಾ ಸರ್?” ಎಂದು ಕೇಳಿದ.

ಇತ್ತು. ಅಟ್ಟದ ಮೇಲೆ ಹಬ್ಬದ ಪಾತ್ರೆಗಳ ಹಿಂದೆ, ಸೀರೆಯ ಡಬ್ಬದಲ್ಲಿ, 18.5 ಇಂಚಿನದು. ಗುಜರಿಗೆ ಹಾಕಿ ಎಂದು ಮನೆಯಾಕೆ ಮೂರು ವರ್ಷದಿಂದ ಹೇಳುತ್ತಿದ್ದಳು. ಅದರ ಸ್ವಂತ ರೆಸಲ್ಯೂಷನ್ ಎಷ್ಟಿರಬಹುದು? 1366×768! ಲ್ಯಾಪ್‌ಟಾಪಿನಲ್ಲಿ ನನ್ನ ಮಾನ ಕಳೆದ ಸಂಖ್ಯೆ ಇಲ್ಲಿ ಒಡತಿ. ಇಂಚಿಗೆ 85 ಚುಕ್ಕೆ. ಸ್ಕೇಲ್ ಶೇ 100 ಇಟ್ಟರೆ 12 ಪಾಯಿಂಟ್ ಹದಿಮೂರೂವರೆಯಾಗಿ ಕಾಣುತ್ತದೆ, ಪೇಜ್‌ಮೇಕರ್‌ನ ಮೆನುವೂ ಹಾಗೆಯೇ. ತಂತಿ ಜೋಡಿಸಲು ಮಾನಿಟರಿನಲ್ಲಿ ಇದ್ದದ್ದು ಹಳೆಯ ವಿಜಿಎ ಕಿಂಡಿ ಮಾತ್ರ, ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ ಕಿಂಡಿ ಮಾತ್ರ. ನಡುವೆ ಒಂದು ಪರಿವರ್ತಕ ಬೇಕಾಯಿತು, ಅವನಲ್ಲಿಯೇ 400 ರೂಪಾಯಿಗೆ ಸಿಕ್ಕಿತು. ಜೋಡಿಸಿದಾಗ ಅಕ್ಷರಗಳ ಅಂಚು ತುಸು ನಡುಗುತ್ತಿತ್ತು. ಮಾನಿಟರಿನ ಕೆಳಗಿನ ‘ಆಟೋ’ ಗುಂಡಿ ಒಮ್ಮೆ ಒತ್ತಿ ಎಂದು ಫೋನಿನಲ್ಲಿ ಹೇಳಿದ, ನಿಂತುಹೋಯಿತು.

ಈಗ ಓದುವುದು, ಜಾಲತಾಣ, ಪತ್ರವ್ಯವಹಾರ ಲ್ಯಾಪ್‌ಟಾಪಿನಲ್ಲಿ. ಪೇಜ್‌ಮೇಕರ್ ಹಳೆಯ ಮಾನಿಟರಿನಲ್ಲಿ. ಕಿಟಕಿಯೊಂದನ್ನು ಇಲ್ಲಿಂದ ಅಲ್ಲಿಗೆ ಎಳೆದಾಗ ಕೆಲವು ತಂತ್ರಾಂಶಗಳು ಗಾತ್ರ ಹೊಂದಿಸಿಕೊಳ್ಳಲು ತಡವರಿಸುತ್ತವೆ. ಮುಚ್ಚಿ ತೆರೆದರೆ ಸರಿಹೋಗುತ್ತವೆ. ಊಟದ ಮೇಜಿನ ಅರ್ಧ ನನ್ನ ಪಾಲಿಗೆ ಬಂದಿರುವುದಕ್ಕೆ ಮನೆಯಲ್ಲಿ ಅಸಮಾಧಾನವಿದೆ, ಅದನ್ನು ಅಂಗಡಿಯ ಲೆಕ್ಕಕ್ಕೆ ಸೇರಿಸುವುದಿಲ್ಲ.

ದುಡ್ಡಿನ ವಿಷಯ: ಮುಕ್ಕಾಲು ಗಂಟೆಯ ಕೆಲಸಕ್ಕೆ 200 ರೂಪಾಯಿ ಕೇಳಿದ. ಪರಿವರ್ತಕ ಬೇರೆ. ಫೋನಿನ ಸಲಹೆಗೆ ಏನೂ ಇಲ್ಲ. ದೂರುಗಳೂ ಇವೆ. ಕಾಯಿಸುತ್ತಾನೆ. ರಸೀದಿಯನ್ನು ಕೇಳಿ ಪಡೆಯಬೇಕು. ಮಾತಿನ ವೇಗಕ್ಕೆ ನಾನು ನಾಲ್ಕು ಬಾರಿ “ನಿಧಾನ, ನಿಧಾನ” ಎನ್ನಬೇಕಾಯಿತು. ಎಲ್ಲಕ್ಕಿಂತ ದೊಡ್ಡ ದೂರು ಇದು: ಮಾಡಿದ್ದನ್ನೆಲ್ಲ ಮರೆಯದಂತೆ ಚೀಟಿಯಲ್ಲಿ ಬರೆದುಕೊಡಪ್ಪ ಎಂದಾಗ ಬಸ್ ಟಿಕೆಟಿನಷ್ಟು ಕಾಗದದಲ್ಲಿ ಹದಿನಾಲ್ಕು ಸಾಲು ಬರೆದುಕೊಟ್ಟ. ನನ್ನ ಅಂದಾಜಿನಲ್ಲಿ 6 ಪಾಯಿಂಟ್. ಹೊರಗೆ ಬಂದು ಅದನ್ನು ಎ3ಗೆ ಜೆರಾಕ್ಸ್ ಹಿಗ್ಗಿಸಿಕೊಂಡೆ, ಮೂರು ಬಾರಿ, ಹಿಗ್ಗಿಸಿದ್ದನ್ನೇ ಮತ್ತೆ ಹಿಗ್ಗಿಸಿ. ಹತ್ತನೇ ಸಾಲು ಇನ್ನೂ ಮಸುಕಾಗಿದೆ. ಬರುವ ವಾರ ಹೋಗಿ ಕೇಳಬೇಕು.